ಕೋಲ್ಕತ್ತಾ 83.9, ಬೆಂಗಳೂರು 806.2: ಈ ಅಂಕಿ ನೋಡಿ ಊರು ಆರಿಸಬಹುದಾ?

ಹೊಸಬಾಡಿಗೆ:

ದೇಶದ ಅಪರಾಧಗಳ ಲೆಕ್ಕ ಇಡುವ ಕೇಂದ್ರ ಸಂಸ್ಥೆ ಎನ್‌ಸಿಆರ್‌ಬಿಯ 2023ರ ವರದಿಯಲ್ಲಿ ಲಕ್ಷ ಜನರಿಗೆ ಐಪಿಸಿ (ಹಳೇ ದಂಡ ಸಂಹಿತೆ) ಪ್ರಕರಣಗಳ ದರ ಹೀಗಿದೆ: ಕೋಲ್ಕತ್ತಾ 83.9, ಹೈದರಾಬಾದ್ 332.3, ಪುಣೆ 337.1, ಬೆಂಗಳೂರು 806.2, ಕೊಚ್ಚಿ 3,192.4. ಇದನ್ನೇ ನಂಬಿದರೆ ಬೆಂಗಳೂರು ಹೈದರಾಬಾದಿಗಿಂತ ಎರಡೂವರೆ ಪಟ್ಟು ಅಪಾಯದ ಊರು, ಕೊಚ್ಚಿಗೆ ಕಾಲಿಡಲೇಬಾರದು ಅಂತಾಯ್ತು. ತಂಗಿಗೆ ಬೆಂಗಳೂರು, ಹೈದರಾಬಾದ್, ಪುಣೆ ಮೂರೂ ಕಡೆ ಕೆಲಸ ಸಿಕ್ಕಿದೆ, ಸಂಬಳದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಈ ದರಗಳನ್ನು ಹೋಲಿಸೋಕೆ ಬರುತ್ತಾ? ಬರಲ್ಲ ಅಂದ್ರೆ ಒಂದು ಏರಿಯಾ ಹೇಗಿದೆ ಅಂತ ಮನೆ ಹಿಡಿಯೋ ಮುಂಚೆ ತಿಳಿಯೋದು ಹೇಗೆ? ನಂಬಿಯೋ (Numbeo) ಅನ್ನೋ ವೆಬ್‌ಸೈಟಿನ ಸುರಕ್ಷತಾ ಸೂಚ್ಯಂಕ ನೋಡಿದರೆ ಸಾಕು ಅಂತಾನೂ ಕೆಲವರು ಹೇಳ್ತಾರೆ.

ಅಂಕಿಗಣಪ:

ಮೊದಲು ಭಾಗಾಕಾರ ಹೇಗೆ ಮಾಡಿದ್ದಾರೆ ನೋಡಿ. ರಾಜ್ಯಗಳ ದರಕ್ಕೆ ಎನ್‌ಸಿಆರ್‌ಬಿ ಆಯಾ ವರ್ಷದ ಅಂದಾಜು ಜನಸಂಖ್ಯೆ ಬಳಸುತ್ತೆ. ಮಹಾನಗರಗಳ ಕೋಷ್ಟಕಕ್ಕೆ ಮಾತ್ರ 2011ರ ಜನಗಣತಿಯೇ ಗತಿ. ಬೆಂಗಳೂರಿಗೆ ಹಾಕಿರೋದು 85 ಲಕ್ಷ. 806.2ನ್ನು 85ರಿಂದ ಗುಣಿಸಿದರೆ ಸುಮಾರು 68,500 ಪ್ರಕರಣ. ಈಗಿನ ಜನಸಂಖ್ಯೆ 1.3 ಕೋಟಿ ಅಂತ ಇಟ್ಟುಕೊಂಡರೆ ಅಷ್ಟೇ ಪ್ರಕರಣಕ್ಕೆ ದರ 527ಕ್ಕೆ ಇಳಿಯುತ್ತೆ. ಒಂದು ಸರವೂ ಕಡಿಮೆ ಕಳುವಾಗಲಿಲ್ಲ, ಭಾಜಕ ಬದಲಾಯಿತು ಅಷ್ಟೆ. ಬೆಳೆಯುವ ಊರಿಗೆ ಬೀಳೋ ಈ ಪೆಟ್ಟು ನಿಂತ ಊರಿಗೆ ಬೀಳಲ್ಲ. 2001ರಿಂದ 2011ರವರೆಗೆ ಬೆಂಗಳೂರು ನಗರ ಜಿಲ್ಲೆ ಶೇ 47ರ ಹತ್ತಿರ ಬೆಳೆದರೆ, ಕೋಲ್ಕತ್ತಾ ಜಿಲ್ಲೆಯ ಜನಸಂಖ್ಯೆ ಇಳಿದಿತ್ತು.

ಇದಕ್ಕಿಂತ ದೊಡ್ಡ ಎಡವಟ್ಟು ಗಡಿಯದು. ಭಾಗಾಕಾರದಲ್ಲಿ ಮೇಲಿರುವ ಪ್ರಕರಣಗಳು ಪೊಲೀಸ್ ಗಡಿಯವು, ಕೆಳಗಿರುವ ಜನ ಜನಗಣತಿಯ ಮಹಾನಗರ ಪ್ರದೇಶದವರು. ಹೈದರಾಬಾದನ್ನೇ ತಗೊಳ್ಳಿ. ಭಾಜಕ 77.5 ಲಕ್ಷ, ಅಂದರೆ 332.3 ದರಕ್ಕೆ ಸುಮಾರು 25,750 ಪ್ರಕರಣ. ಆದರೆ 2023ರಲ್ಲಿ ಅಲ್ಲಿ ಇದ್ದದ್ದು ಮೂರು ಕಮಿಷನರೇಟ್: ಹೈದರಾಬಾದ್, ಸೈಬರಾಬಾದ್, ರಾಚಕೊಂಡ. ಮೂರರ ವಾರ್ಷಿಕ ಲೆಕ್ಕ ಕೂಡಿಸಿದರೆ ಇದಕ್ಕಿಂತ ಬಹಳ ಹೆಚ್ಚಾಗುತ್ತೆ. ಸಾಫ್ಟ್‌ವೇರ್ ಕಂಪನಿಗಳಿರುವ ಮಾಧಾಪುರ, ಗಚ್ಚಿಬೌಲಿ ಎರಡೂ ಸೈಬರಾಬಾದಿನವು. ನಿಮ್ಮ ತಂಗಿ ಓಡಾಡುವ ಜಾಗದ ಬಗ್ಗೆ 332.3 ಏನೂ ಹೇಳಲ್ಲ.

ಪುಣೆಯ ಹಿಂಜೆವಾಡಿಯೂ ಪುಣೆ ಪೊಲೀಸರದ್ದಲ್ಲ. 2018ರಲ್ಲಿ ಬೇರೆಯಾದ ಪಿಂಪ್ರಿ-ಚಿಂಚವಾಡ ಕಮಿಷನರೇಟ್‌ನದ್ದು. ಕೋಲ್ಕತ್ತಾಗೆ ಹಾಕಿರುವ ಭಾಜಕ 141 ಲಕ್ಷ, ಅಂದರೆ ಹೌರಾ, ಬಿಧಾನ್‌ನಗರ ಎಲ್ಲ ಸೇರಿದ್ದು. ಪಾಲಿಕೆ ವ್ಯಾಪ್ತಿಯಲ್ಲಿ 2011ರಲ್ಲಿದ್ದದ್ದು 45 ಲಕ್ಷ ಜನ, ಮತ್ತೆ ಹೌರಾ, ಬಿಧಾನ್‌ನಗರ, ಬ್ಯಾರಕ್‌ಪುರಕ್ಕೆ ಬೇರೆ ಬೇರೆ ಕಮಿಷನರ್ ಇದ್ದಾರೆ. 141 ಲಕ್ಷ ಜನರ ನಡುವೆ ವರ್ಷಕ್ಕೆ 12 ಸಾವಿರದೊಳಗೆ ಐಪಿಸಿ ಪ್ರಕರಣ ಅಂದರೆ ನನಗಂತೂ ಅದರಲ್ಲಿ ಸುರಕ್ಷತೆಗಿಂತ ಗಡಿಯ ಆಟವೇ ಹೆಚ್ಚು ಕಾಣುತ್ತೆ. ಬೆಂಗಳೂರಿನಲ್ಲಿ ಎರಡು ಗಡಿಗಳೂ ಬಹುಮಟ್ಟಿಗೆ ಕೂಡುತ್ತವೆ, ಅದಕ್ಕೇ ಅಂಕಿ ದಪ್ಪಗೆ ಕಾಣೋದು. (ಇಲ್ಲೂ ಸರ್ಜಾಪುರ, ಅತ್ತಿಬೆಲೆ ಠಾಣೆಗಳು ನಗರ ಕಮಿಷನರ್ ಕೆಳಗಿಲ್ಲ, ಜಿಲ್ಲಾ ಎಸ್‌ಪಿ ಕೆಳಗಿವೆ. ‘ಸರ್ಜಾಪುರ ರೋಡ್’ ಅಂತ ಜಾಹೀರಾತು ನೋಡಿ ಮನೆ ಹಿಡಿಯುವವರು ಯಾವ ಠಾಣೆ ಅಂತ ಕೇಳಿಕೊಳ್ಳಿ.)

ಠಾಣೆಪುರಾಣ:

ಭಾಜಕದ ಮಾತು ಸರಿ. ಮೇಲಿನ ಸಂಖ್ಯೆಯಲ್ಲೂ, ಅಂದರೆ ಪ್ರಕರಣಗಳ ಎಣಿಕೆಯಲ್ಲೂ ಅಷ್ಟೇ ಗೊಂದಲ ಇದೆ. ಎನ್‌ಸಿಆರ್‌ಬಿ ಎಣಿಸೋದು ನಡೆದ ಅಪರಾಧವನ್ನಲ್ಲ, ದಾಖಲಾದ ಎಫ್‌ಐಆರ್ ಅನ್ನು. ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ) ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ಆದರೂ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದುಕೊಂಡು, ಇಲ್ಲವೇ ಅರ್ಜಿ ಅಂತ ಇಟ್ಟುಕೊಂಡು ಹಿಂಬರಹ ಕೊಟ್ಟು ಕಳಿಸೋದು ನಿಂತಿಲ್ಲ. ಅವು ಈ ಲೆಕ್ಕಕ್ಕೆ ಬರಲ್ಲ. ಬಸ್ಸಲ್ಲಿ ಫೋನ್ ಕದ್ದರೆ ಕಳೆದ ವಸ್ತುಗಳಿಗಾಗಿ ಪೊಲೀಸರು ಇಟ್ಟಿರುವ ಆನ್‌ಲೈನ್ ‘ಇ-ಲಾಸ್ಟ್’ನಲ್ಲಿ ಕಳೆದಿದೆ ಅಂತ ಹಾಕಿ ರಸೀದಿ ತಗೊಂಡು ಸಿಮ್ ಮಾಡಿಸಿಕೊಳ್ಳೋರೇ ಜಾಸ್ತಿ. ಕಳುವಾದದ್ದು ಕಳೆದದ್ದಾಯ್ತು, ಠಾಣೆಯ ಕಳವಿನ ಲೆಕ್ಕ ಇಳಿಯಿತು. ದೆಹಲಿಯಲ್ಲಿ ಇದರ ಉಲ್ಟಾ: 2015ರಿಂದ ವಾಹನ ಕಳವಿಗೆ ಇ-ಎಫ್‌ಐಆರ್ ಬಂತು, ಮನೆಯಲ್ಲೇ ಕೂತು ಹಾಕಬಹುದು, ಹೀಗಾಗಿ ದಾಖಲೆ ಸುಲಭ. ಕೇರಳದಲ್ಲಿ ನಿರ್ಲಕ್ಷ್ಯದ ಚಾಲನೆಯಂಥ ಸಣ್ಣ ಪ್ರಕರಣಕ್ಕೂ ಎಫ್‌ಐಆರ್ ಬೀಳುತ್ತೆ. ಅವೂ ಐಪಿಸಿ ಪ್ರಕರಣಗಳೇ, ಕೊಚ್ಚಿಯ 3,192ರಲ್ಲಿ ಕೊಲೆಯೂ ಒಂದು, ಅಡ್ಡಾದಿಡ್ಡಿ ಗಾಡಿ ಓಡಿಸಿದ್ದೂ ಒಂದು.

ಇನ್ನೊಂದು ಸೂಕ್ಷ್ಮ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಸೆಕ್ಷನ್ ಇದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತಾರೆ. ಕೊಲೆ ಮಾಡಿ ಚಿನ್ನ ದೋಚಿದರೆ ಕಳವಿನ ಪಟ್ಟಿಗೆ ಅದು ಸೇರಲ್ಲ.

ಹಾಗಾದರೆ ಯಾವುದನ್ನು ಹೋಲಿಸಬಹುದು? ಮುಚ್ಚಿಡೋಕೆ ಆಗದ್ದನ್ನು, ಇಲ್ಲವೇ ದಾಖಲಿಸದೆ ಜನಕ್ಕೆ ಬೇರೆ ದಾರಿ ಇಲ್ಲದ್ದನ್ನು. ಅಂಥವು ಎರಡೇ.

ಒಂದು ಕೊಲೆ. ಹೆಣ ಸಿಕ್ಕಮೇಲೆ ಎನ್‌ಸಿಆರ್ ಬರೆಯೋಕಾಗಲ್ಲ. 2021ರಲ್ಲಿ ದೆಹಲಿ 454, ಮುಂಬೈ 162, ಚೆನ್ನೈ 161, ಬೆಂಗಳೂರು 152. ಅದೇ 2011ರ ಜನಸಂಖ್ಯೆ ಹಾಕಿದರೂ ಲಕ್ಷಕ್ಕೆ ದೆಹಲಿ 2.8, ಚೆನ್ನೈ 1.9, ಬೆಂಗಳೂರು 1.8, ಮುಂಬೈ 0.9. ಒಟ್ಟು ದರದಲ್ಲಿ ಕಾಣುವ ಹತ್ತಿಪ್ಪತ್ತು ಪಟ್ಟಿನ ಅಂತರ ಇಲ್ಲಿಲ್ಲ ನೋಡಿ.

ಇನ್ನೊಂದು ವಾಹನ ಕಳವು. ಎಫ್‌ಐಆರ್ ಇಲ್ಲದೆ ವಿಮೆ ದುಡ್ಡು ಬರಲ್ಲ, ಹಾಗಾಗಿ ಜನ ಬೆನ್ನು ಬಿಡದೆ ಹಾಕಿಸುತ್ತಾರೆ. ಇದನ್ನು ಜನಸಂಖ್ಯೆಯಿಂದಲ್ಲ, ಆ ಊರಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆಯಿಂದ ಭಾಗಿಸಿ.

ಸರಗಳ್ಳತನ ಹೋಲಿಸೋಕೆ ಹೋಗಬೇಡಿ. ಐಪಿಸಿ ಕಾಲದಲ್ಲಿ ಅದೇ ಕೃತ್ಯ ಒಂದು ಕಡೆ 379 ಕಳವು, ಇನ್ನೊಂದು ಕಡೆ 392 ಸುಲಿಗೆ. ಐಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ನಲ್ಲಿ ಕಸಿದುಕೊಳ್ಳೋದಕ್ಕೆ 304 ಅಂತ ಬೇರೆ ಸೆಕ್ಷನ್ ಬಂದಿದೆ. ಆದರೆ ಹೊಸ ಕಾನೂನು ಜಾರಿಯಾದದ್ದು 2024ರ ಜುಲೈ 1ಕ್ಕೆ, ಆ ವರ್ಷದ ಅರ್ಧ ಹಳೇ ಸೆಕ್ಷನ್, ಅರ್ಧ ಹೊಸದು. ಹಿಂದಿನ ವರ್ಷದ ಪಕ್ಕ ಇಡುವಾಗ ಜೋಪಾನ.

ತಂಗಿಯ ವಿಷಯ ಅಂದಿರಿ. ‘ಮಹಿಳೆಯರ ಮೇಲಿನ ಅಪರಾಧ’ ದರವನ್ನು ಬೀದಿಯ ಸುರಕ್ಷತೆಗೆ ಅಳತೆ ಮಾಡಿಕೊಳ್ಳಬೇಡಿ. 2022ರಲ್ಲಿ ದೇಶದಲ್ಲಿ ಈ ತಲೆಬರಹದಡಿ ದಾಖಲಾದವುಗಳಲ್ಲಿ ಶೇ 31.4 ಗಂಡ ಮತ್ತವನ ಕಡೆಯವರ ಕ್ರೌರ್ಯದವು. ಅದು ಮನೆಯೊಳಗಿನ ಅಪಾಯ. ನಿಮಗೆ ಬೇಕಾದದ್ದು ಹಳೇ ಐಪಿಸಿ 354ನೇ ಸೆಕ್ಷನ್ನಿನ ಗುಂಪು, ಅಂದರೆ ಮಾನಕ್ಕೆ ಧಕ್ಕೆ ತರುವ ಹಲ್ಲೆ, ಹಿಂಬಾಲಿಸುವುದು ಇತ್ಯಾದಿ. ಅದರಲ್ಲೂ ಹೆಚ್ಚು ದಾಖಲಾದ ಊರು ಹೆಚ್ಚು ಕೆಟ್ಟದ್ದು ಅಂತಲ್ಲ, ದೂರು ಕೊಡೋಕೆ ಧೈರ್ಯ ಇರುವ ಊರೂ ಆಗಿರಬಹುದು.

ಹುಬ್ಬಳ್ಳಿ_ಹುಡುಗ:

ನಂಬಿಯೋ ಬಿಟ್ಟಬಿಡ್ರಿ. ಅದ್ರಾಗ ಪೊಲೀಸರ ಲೆಕ್ಕ ಒಂದೂ ಇಲ್ಲ. ಸೈಟಿಗೆ ಬಂದವ್ರು ‘ರಾತ್ರಿ ಒಬ್ರ ಅಡ್ಡಾಡಾಕ ಅಂಜಿಕಿ ಆಗ್ತದೇನು’ ಅನ್ನೋ ಥರದ ಪ್ರಶ್ನೆಕ್ಕ ಒತ್ತಿದ ಉತ್ತರ ಕೂಡಿಸಿ ಮಾಡಿದ್ದು. ಅಂಜಿಕಿ ಅಳೆಯೂದು ತಪ್ಪಲ್ಲ, ಆದ್ರ ಇಂಗ್ಲಿಷ್ ಸೈಟಿಗೆ ಹೋಗಿ ಉತ್ತರ ಕೊಡೋ ಮಂದಿ ಎಂಥಾ ಏರಿಯಾದಾಗ ಇರ್ತಾರ ವಿಚಾರ ಮಾಡ್ರಿ.

ಸೈಬರ್ ವಂಚನೆ ಲೆಕ್ಕಾನೂ ಬ್ಯಾರೆ ಇಡ್ರಿ. 2023ರಾಗ ಬೆಂಗಳೂರಾಗ 17,631 ಪ್ರಕರಣ ಅದಾವು, ಮಹಾನಗರದಾಗ ಅದ ಮೊದ್ಲು. ಆ ಕಳ್ಳ ಯಾವ ಊರಾಗ ಕುಂತಿದ್ರೂ ದೂರು ಬೀಳೂದು ರೊಕ್ಕ ಕಳ್ಕೊಂಡವ್ರ ಠಾಣೆದಾಗ. ಅದ್ಕೂ ನಿಮ್ಮ ಓಣಿಗೂ ಸಂಬಂಧ ಇಲ್ರಿ.

ಹೊಸಬಾಡಿಗೆ:

ಊರಿನ ಅಂಕಿ ಕೈಬಿಟ್ಟೆ. ಏರಿಯಾ ಮಟ್ಟದ್ದು ಹೇಳಿ. ಬೆಂಗಳೂರಾದರೆ ಬೆಳ್ಳಂದೂರಿನ ಹತ್ತಿರ ಪಿಜಿ ನೋಡ್ತಿದ್ದೀವಿ.

ಬೀದಿದೀಪ:

ಠಾಣೆಯಿಂದ ಶುರು ಮಾಡಿ. ಪಿಜಿಯ ವಿಳಾಸ ಯಾವ ಠಾಣೆಗೆ ಬರುತ್ತೆ ಅಂತ ಖಚಿತ ಮಾಡಿಕೊಳ್ಳಿ, ರಸ್ತೆಯ ಎಡಬಲ ಬೇರೆ ಠಾಣೆ ಆಗಿರೋದುಂಟು. ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಇದೆ. ರಾಜ್ಯ ಪೊಲೀಸರ ತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ ಆರಿಸಿ ಹುಡುಕಿ. ಅಪರಾಧ ಸಂಖ್ಯೆ ಪ್ರತಿ ಜನವರಿಗೆ 1ರಿಂದ ಶುರುವಾಗುತ್ತೆ, ಹಾಗಾಗಿ ಡಿಸೆಂಬರ್ ಕೊನೆಯ ಎಫ್‌ಐಆರ್ ನಂಬರ್ ಸಿಕ್ಕರೆ ಆ ಠಾಣೆಯ ವರ್ಷದ ಲೆಕ್ಕವೇ ಸಿಕ್ಕಂತೆ. ಅಸ್ವಾಭಾವಿಕ ಸಾವಿನ ಯುಡಿಆರ್‌ಗೆ ಬೇರೆ ಸರಣಿ, ಬೆರೆಸಬೇಡಿ. ಲೈಂಗಿಕ ಅಪರಾಧ, ಪೋಕ್ಸೋದಂಥ ಸೂಕ್ಷ್ಮ ಎಫ್‌ಐಆರ್ ಹಾಕಿರಲ್ಲ, ನಡುವೆ ನಂಬರ್ ಬಿಟ್ಟುಹೋದರೆ ಗಾಬರಿ ಬೇಡ.

ಒಟ್ಟು ಸಂಖ್ಯೆಗಿಂತ ಒಳಗಿರೋದು ಮುಖ್ಯ. ಕೊನೆಯ ಮೂರು ತಿಂಗಳ 60-70 ಎಫ್‌ಐಆರ್ ತೆಗೆದು ಓದಿ. ನಮೂನೆಯ 5ನೇ ಕಲಮಿನಲ್ಲಿ ಕೃತ್ಯ ನಡೆದ ಸ್ಥಳ, ಠಾಣೆಯಿಂದ ದಿಕ್ಕು ಮತ್ತು ದೂರ, ಬೀಟ್ (ಗಸ್ತಿನ) ಹೆಸರು ಇರುತ್ತೆ. 3ನೇ ಕಲಮಿನಲ್ಲಿ ದಿನ ಮತ್ತು ಹೊತ್ತು. ಸುಲಿಗೆ, ರಾತ್ರಿ ಕನ್ನಗಳವು, ಬೈಕ್ ಕಳವು ಈ ಮೂರನ್ನೇ ಮ್ಯಾಪಿನಲ್ಲಿ ಗುರುತು ಹಾಕಿ. ಹಾಕಿದಾಗ ಠಾಣೆಯಿಡೀ ಹರಡಿರಲ್ಲ. ಬಾರ್ ಸಾಲು, ಖಾಲಿ ಸೈಟು, ಮೆಟ್ರೋ ಪಾರ್ಕಿಂಗ್, ಇಂಥ ನಾಲ್ಕೈದು ಕಡೆ ಗುಂಪುಗಟ್ಟಿರುತ್ತೆ. ಠಾಣೆ-ಠಾಣೆ ಹೋಲಿಸುವಾಗ ಮಾತ್ರ ಎಚ್ಚರ: ಮೆಜೆಸ್ಟಿಕ್ ಇರುವ ಉಪ್ಪಾರಪೇಟೆ ಠಾಣೆಯಲ್ಲಿ ಮನೆ ಮಾಡಿಕೊಂಡವರು ಕಡಿಮೆ, ದಿನಾ ಬಂದುಹೋಗುವವರೇ ಜಾಸ್ತಿ. ಅಲ್ಲಿ ನಿವಾಸಿಗಳ ಲೆಕ್ಕಕ್ಕೆ ದರ ಹಾಕಿದರೆ ಅರ್ಥವೇ ಇಲ್ಲ. ರೈಲ್ವೆ ಪ್ಲಾಟ್‌ಫಾರಂ ಮೇಲಿನ ಕಳವು ರೈಲ್ವೆ ಪೊಲೀಸರದ್ದು, ನಗರದ ಲೆಕ್ಕಕ್ಕೇ ಬರಲ್ಲ.

ಆಮೇಲೆ ನಡೆದು ನೋಡಿ. ವಾರದ ದಿನ, ತಂಗಿ ವಾಪಸ್ ಬರುವ ಹೊತ್ತಿಗೇ, ಬಸ್‌ಸ್ಟಾಪಿನಿಂದ ಪಿಜಿ ಬಾಗಿಲವರೆಗೆ. ಭಾನುವಾರ ಬೆಳಿಗ್ಗೆ ನೋಡಿ ಏನೂ ಉಪಯೋಗ ಇಲ್ಲ. ಕಂಬಕ್ಕೆ ದೀಪ ಇದೆಯಾ ಅನ್ನೋದಕ್ಕಿಂತ ಉರಿಯುತ್ತಾ, ಮರದ ಕೊಂಬೆ ಮುಚ್ಚಿದೆಯಾ ನೋಡಿ. ರಾತ್ರಿ 10ರ ಮೇಲೂ ತೆರೆದಿರುವ ಮೆಡಿಕಲ್ ಶಾಪು, ಬೇಕರಿ ದಾರಿಯಲ್ಲಿದ್ದರೆ ಒಳ್ಳೇದು. ಎರಡೂ ಕಡೆ ತಗಡಿನ ಶೀಟು ಹಾಕಿದ ಕಟ್ಟಡ ಕಾಮಗಾರಿ 200 ಮೀಟರ್ ಇದ್ದರೆ ಆ ದಾರಿ ಬಿಡಿ, ಅಂಕಿ ಏನೇ ಹೇಳಲಿ. ಕೆರೆ ಪಕ್ಕದ ರಸ್ತೆಗಳು ಬೆಳ್ಳಂದೂರು ಕಡೆ ರಾತ್ರಿ ಪೂರ್ತಿ ಖಾಲಿ.

ಪಿಜಿ ವಿಷಯ. ಆಗಿನ ನಗರ ಪಾಲಿಕೆ ಬಿಬಿಎಂಪಿ 2024ರ ಆಗಸ್ಟಿನಲ್ಲಿ ಹಾಕಿದ ನಿಯಮದಂತೆ ಒಬ್ಬರಿಗೆ ಕನಿಷ್ಠ 70 ಚದರಡಿ, 24 ಗಂಟೆ ಕಾವಲು, ಸಿಸಿಟಿವಿ ದೃಶ್ಯ 90 ದಿನ ಉಳಿದಿರಬೇಕು. ಮಾಲೀಕರು ‘ಕ್ಯಾಮೆರಾ ಇದೆ’ ಅಂತಾರೆ. ಹಿಂದಿನ ತಿಂಗಳ ಒಂದು ತಾರೀಖಿನ ರಾತ್ರಿ 2 ಗಂಟೆ ದೃಶ್ಯ ತೋರಿಸಿ ಅನ್ನಿ. ಲೆಕ್ಕ ನೋಡಿ: 8 ಕ್ಯಾಮೆರಾ, ಒಂದೊಂದೂ 2 ಎಂಬಿಪಿಎಸ್ ಅಂದರೆ ದಿನಕ್ಕೆ ಸುಮಾರು 170 ಜಿಬಿ. ಅಗ್ಗದ ಡಿವಿಆರ್ (ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ಜೊತೆ ಬರುವ 1 ಟಿಬಿ ಡಿಸ್ಕ್ 6 ದಿನಕ್ಕೆ ತುಂಬಿ ಹಳೇದನ್ನು ಅಳಿಸುತ್ತೆ. ವಿಡಿಯೋ ಗಾತ್ರ ಕುಗ್ಗಿಸುವ ಎಚ್.265, ಚಲನೆ ಇದ್ದಾಗಷ್ಟೇ ರೆಕಾರ್ಡಿಂಗ್ ಎಲ್ಲ ಹಾಕಿದರೂ 90 ದಿನಕ್ಕೆ 1 ಟಿಬಿ ಸಾಲೋದು ಕಷ್ಟ. ಕರೆಂಟ್ ಹೋದರೆ ಡಿವಿಆರ್‌ಗೆ ಯುಪಿಎಸ್ ಇದೆಯಾ ಅಂತಾನೂ ಕೇಳಿ.

ಅಂಕಿಗಣಪ:

ಒಂದು ಸೇರಿಸ್ತೀನಿ. 2023ರಲ್ಲಿ ಬೆಂಗಳೂರಿನ ರಸ್ತೆ ಅಪಘಾತಗಳಲ್ಲಿ ಸತ್ತವರು 915. ಕೊಲೆಯಾದವರಿಗಿಂತ ಎಷ್ಟೋ ಪಟ್ಟು. ಸ್ಕೂಟಿಯಲ್ಲಿ ಔಟರ್ ರಿಂಗ್ ರೋಡ್ ದಾಟಿ ಆಫೀಸಿಗೆ ಹೋಗಬೇಕಾದ ‘ಸೇಫ್ ಏರಿಯಾ’ಗಿಂತ ಆಫೀಸಿಗೆ ನಡೆದು ಹೋಗಬಹುದಾದ ಮಾಮೂಲಿ ಏರಿಯಾ ವಾಸಿ.

ಠಾಣೆಪುರಾಣ:

ಆಫರ್ ಒಪ್ಪುವ ಮುಂಚೆ ಮೂರೂ ಕಂಪನಿಯ ಎಚ್‌ಆರ್‌ಗೆ ಇದಿಷ್ಟು ಮೇಲ್‌ನಲ್ಲೇ ಕೇಳಿ: ರಾತ್ರಿ ಪಾಳಿ ಇದೆಯಾ, ಎಷ್ಟು ಗಂಟೆಯ ಮೇಲೆ ಕ್ಯಾಬ್ ಕೊಡ್ತಾರೆ, ಕೊನೆಗೆ ಇಳಿಯುವುದು ಮಹಿಳೆಯಾದರೆ ಗಾರ್ಡ್ ಜೊತೆಗಿರ್ತಾನಾ, ಮನೆ ಬಾಗಿಲಿಗೆ ಬಿಡ್ತಾರಾ ಅಥವಾ ಮೇನ್ ರೋಡಿಗಾ. ಹಿಂಜೆವಾಡಿ, ಮಾಧಾಪುರ, ಬೆಳ್ಳಂದೂರು ಮೂರಕ್ಕೂ ಕೊನೆಯ ಪ್ರಶ್ನೆಗೆ ಬರುವ ಉತ್ತರ ಬೇರೆ ಬೇರೆ ಇರುತ್ತೆ.