ಅಪ್‌ಡೇಟ್: ಬೆಕ್ಕಿನ ಗದ್ದದ ಕಪ್ಪು ಚುಕ್ಕೆ ಹೋಯಿತು

ನಮ್ಮ ಬೆಕ್ಕಿನ ಗದ್ದದ ತುಂಬಾ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಹೆಚ್ಚುಕಮ್ಮಿ ಪೂರ್ತಿ ಹೋಗಿದೆ! ಪ್ಲಾಸ್ಟಿಕ್ ಬಟ್ಟಲು ಬಿಟ್ಟು ಸ್ಟೀಲಿನದು ಇಡಿ, ದಿನಾ ತೊಳೆಯಿರಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಚಿಗಟ ಇರಬೇಕು ಅಂದಿದ್ದರು ಕೆಲವರು. ಬಾಚಿದರೂ ಏನೂ ಸಿಗಲಿಲ್ಲ. ಉದುರಿದ ಪುಡಿಯನ್ನು ಒದ್ದೆ ಟಿಶ್ಯೂ ಮೇಲೆ ಒತ್ತಿ ನೋಡಿದೆ. ಚಿಗಟದ ಹಿಕ್ಕೆಯಲ್ಲಿ ರಕ್ತ ಇರುತ್ತದಲ್ವಾ, ಕೆಂಪಗೆ ಹರಡುತ್ತದೆ. ಇದು ಕಪ್ಪಗೇ ಉಳಿಯಿತು. ಡಾಕ್ಟರ್ ನೋಡಿ ಮೊಡವೆ ಅಂದರು! ಬೆಕ್ಕಿಗೂ ಮೊಡವೆ ಆಗುತ್ತದೆ ಅಂತ ಗೊತ್ತೇ ಇರಲಿಲ್ಲ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವಂತೆ.

ಚುಕ್ಕೆಗಳನ್ನು ಹಿಂಡಬೇಡಿ. ಊತ, ಕೀವು ಕಂಡರೆ ಡಾಕ್ಟರಿಗೇ ತೋರಿಸಿ. ನಾಯಿಯ ಚಿಗಟದ ಔಷಧಿಯಂತೂ ಬೆಕ್ಕಿಗೆ ಬೇಡವೇ ಬೇಡ, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಜೀವಕ್ಕೇ ಅಪಾಯ.