ಅಮ್ಮನನ್ನು ಶಿಯಾನ್‌ಗೆ ಕರೆದುಕೊಂಡು ಹೋಗಬೇಕು, ಹೋಗಿಬಂದವರು ಹೇಳಿ

ಕೆಆರ್‌ಪುರಂ_ಹಾಸನ

ಎಲ್ಲರಿಗೂ ನಮಸ್ಕಾರ. ಅಮ್ಮ ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ಪಾಠ ಮಾಡಿ ಹೋದ ವರ್ಷ ರಿಟೈರ್ ಆದರು. ಬಾದಾಮಿ ಚಾಲುಕ್ಯರ ಪಾಠದಲ್ಲಿ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರುತ್ತಾನೆ ಅಲ್ವಾ, ಇಮ್ಮಡಿ ಪುಲಿಕೇಶಿಯ ಬಗ್ಗೆ ಬರೆದಿಟ್ಟವನು, ಅವನು ಭಾರತದಿಂದ ವಾಪಸ್ ಹೋಗಿ ಸೇರಿದ ಊರು ನೋಡಬೇಕು ಅಂತ ಅಮ್ಮನಿಗೆ ಬಹಳ ವರ್ಷದ ಆಸೆ. ಆಗಿನ ಚಾಂಗಾನ್, ಈಗಿನ ಚೀನಾದ ಶಿಯಾನ್. ಅಕ್ಟೋಬರಿನಲ್ಲಿ ನಾಲ್ಕು ದಿನ ಅಂದುಕೊಂಡಿದ್ದೇನೆ. ಅಮ್ಮನಿಗೆ ಮಂಡಿ ನೋವು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೆ ಏನು ಮಾಡೋದು? ಯಾವುದು ನೋಡಬೇಕು, ಯಾವುದು ಬಿಡಬಹುದು?

ಮೂಡಿಗೆರೆ_ತೋಟ

ನಾವು 2019ರಲ್ಲಿ ಹೋಗಿದ್ದೆವು, ಕಾಫಿ ಕೊಯ್ಲು ಶುರುವಾಗುವ ಮುಂಚೆ, ಅಕ್ಟೋಬರಿನಲ್ಲೇ. ಹವೆ ಚೆನ್ನಾಗಿರುತ್ತದೆ. ಆದರೆ 1ನೇ ತಾರೀಕಿನಿಂದ ಒಂದು ವಾರ ಅವರ ರಾಷ್ಟ್ರೀಯ ದಿನದ ರಜೆ, ಇಡೀ ದೇಶವೇ ಊರೂರು ಸುತ್ತುತ್ತಿರುತ್ತದೆ. 10ರ ಮೇಲೆ ಹೋಗಿ.

ಮಣ್ಣಿನ ಸೈನಿಕರನ್ನು ಮಾತ್ರ ಬಿಡಬೇಡಿ, ಚೀನಾದ ಮೊದಲ ಚಕ್ರವರ್ತಿಯ ಸಮಾಧಿ ಹತ್ತಿರ ಹೂತಿಟ್ಟಿದ್ದ ಗೊಂಬೆ ಸೈನ್ಯ. ಊರಿಂದ ಸುಮಾರು 40 ಕಿ.ಮೀ. ದೂರ. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು. ಎಲ್ಲರೂ ಒಂದನೇ ಗುಂಡಿಯ ಮುಂದೆ ನಿಂತು ಫೋಟೋ ಹೊಡೆದುಕೊಂಡು ಹೊರಟುಬಿಡುತ್ತಾರೆ. ನೀವು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುವ, ಮಂಡಿಯೂರಿ ಕೂತ ಬಿಲ್ಲುಗಾರನ ಹಿಂದಕ್ಕೆ ಹೋಗಿ ಅವನ ಅಂಗಾಲು ನೋಡಿ. ಬೂಟಿನ ಅಡಿಯಲ್ಲಿ ಹೊಲಿಗೆಯ ಚುಕ್ಕಿ ಚುಕ್ಕಿ ಕೂಡ ಕೆತ್ತಿದ್ದಾರೆ, ಹಿಮ್ಮಡಿ ಹತ್ತಿರ ಒತ್ತಾಗಿ, ನಡುವೆ ಬಿಡಿಬಿಡಿಯಾಗಿ. ಮಣ್ಣಲ್ಲಿ ಹೂತುಹಾಕುವ ಗೊಂಬೆಯ ಅಂಗಾಲು ಯಾರು ನೋಡುತ್ತಾರೆ ಹೇಳಿ? ಬೇಲೂರಿನ ಮದನಿಕೆಯರನ್ನು ನೋಡಿ ಬೆಳೆದ ನಮಗೆ ಆ ಕೆಲಸದ ಬೆಲೆ ಗೊತ್ತು. ನಾನು ಅಲ್ಲೇ ಹತ್ತು ನಿಮಿಷ ನಿಂತುಬಿಟ್ಟೆ.

ಒಂದು ಎಚ್ಚರಿಕೆ. ರೈಲ್ವೆ ಸ್ಟೇಷನ್ ಮುಂದೆ ಒಬ್ಬ ಬಂದು ನೇರ ಅಲ್ಲಿಗೇ ಬಿಡುತ್ತೇನೆ ಅಂತ ನಮ್ಮನ್ನು ವ್ಯಾನ್ ಹತ್ತಿಸಿಕೊಂಡ. ಮೊದಲು ಒಂದು ಗೊಂಬೆ ಅಂಗಡಿ, ಆಮೇಲೆ ಒಂದು ರೇಷ್ಮೆ ಅಂಗಡಿ. ಅರ್ಧ ದಿನ ಹಾಳಾಯಿತು, ನನ್ನ ಹೆಂಡತಿಗೆ ಅಳುವೇ ಬಂತು. ಯಾರು ಕರೆದರೂ ಹೋಗಬೇಡಿ.

ಸಕಲೇಶಪುರ_ಡಾಕ್ಟರ್

ಅಕ್ಕಾ, ನಾನು ಆ ಊರಲ್ಲೇ ಮೆಡಿಕಲ್ ಓದಿದ್ದು. ಮಣ್ಣಿನ ಸೈನಿಕರ ಕಡೆಗೆ ಈಗ ಮೆಟ್ರೋ 9ನೇ ಲೈನ್ ಇದೆ, ಹುವಾಚಿಂಗ್ ಕೊಳದ ಸ್ಟೇಷನ್‌ನಲ್ಲಿ ಇಳಿದು ಬಸ್ಸೋ ಟ್ಯಾಕ್ಸಿಯೋ ಹಿಡಿದರೆ ಆಯಿತು. ವ್ಯಾನಿನವರ ಕಾಟ ಇಲ್ಲ. ಟಿಕೆಟ್ ಮೊದಲೇ ಬುಕ್ ಮಾಡಿ, ಪಾಸ್‌ಪೋರ್ಟ್ ನಂಬರ್ ಕೇಳುತ್ತಾರೆ.

ದುಡ್ಡಿನ ವಿಷಯ. ಎಳನೀರು ಮಾರುವವರು ನಮ್ಮಲ್ಲಿ ಕ್ಯೂಆರ್ ಇಟ್ಟಿರುತ್ತಾರಲ್ಲ, ಅಲ್ಲೂ ಎಲ್ಲಾ ಕಡೆ ಹಾಗೇ. ಊರಲ್ಲೇ ಅಲಿಪೇ (ದುಡ್ಡು ಕೊಡೋಕೆ ಅಲ್ಲಿ ಬಳಸುವ ಆಪ್) ಹಾಕಿಕೊಂಡು ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿಕೊಂಡು ಹೋಗಿ. ಸ್ವಲ್ಪ ಯುವಾನ್ ನೋಟೂ ಇರಲಿ. ವಾಟ್ಸಾಪ್, ಗೂಗಲ್ ಅಲ್ಲಿನ ಇಂಟರ್ನೆಟ್‌ನಲ್ಲಿ ನಡೆಯುವುದಿಲ್ಲ, ಇಲ್ಲಿಂದಲೇ ರೋಮಿಂಗ್ ಹಾಕಿಸಿಕೊಂಡು ಹೋದರೆ ತಲೆನೋವು ಕಡಿಮೆ.

ಊಟ ಕಷ್ಟ, ಸುಳ್ಳು ಹೇಳುವುದಿಲ್ಲ. 'ವೋ ಚೀ ಸು' ಅಂದರೆ ನಾನು ಸಸ್ಯಾಹಾರಿ ಅಂತ. ಆದರೆ ಮೇಲೆ ಮಾಂಸ ಕಾಣದಿದ್ದರೂ ಸಾರು ಮೂಳೆಯದ್ದು ಇರಬಹುದು. ಅದಕ್ಕೇ ಸಾರಿಲ್ಲದ ಲಿಯಾಂಗ್‌ಪಿ ಕೇಳಿ. ಅಕ್ಕಿ ಹಿಟ್ಟಿನ ಹಾಳೆಯನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಉದ್ದಕ್ಕೆ ಕತ್ತರಿಸಿ, ವಿನಿಗರ್, ಬೆಳ್ಳುಳ್ಳಿ ನೀರು, ಕೆಂಪು ಮೆಣಸಿನ ಎಣ್ಣೆ ಹಾಕಿ ಕಲಸಿಕೊಡುತ್ತಾರೆ. ಅಮ್ಮನಿಗೆ ಹಿಡಿಸುತ್ತದೆ, ಖಾರ ಕಡಿಮೆ ಹಾಕಿಸಿ. ಬೌದ್ಧ ದೇವಸ್ಥಾನಗಳ ಹತ್ತಿರ ಸಸ್ಯಾಹಾರಿ ಹೋಟೆಲ್ ಹುಡುಕಿ. ಅವಲಕ್ಕಿ, ಚಟ್ನಿಪುಡಿ ಜಾಸ್ತಿನೇ ಕಟ್ಟಿಕೊಂಡು ಹೋಗಿ.

ಚಿಕ್ಕಮಗಳೂರು_ಮೇಷ್ಟ್ರು

ನಿಮ್ಮ ತಾಯಿಯವರ ಆಸೆ ಓದಿ ಬಹಳ ಖುಷಿಯಾಯಿತಮ್ಮ. ನಾಲ್ಕು ದಿನದಲ್ಲಿ ಎಲ್ಲಾ ತುರುಕಬೇಡಿ. ಕೋಟೆಗೋಡೆ ಸುತ್ತಳತೆ 13 ಕಿ.ಮೀ. ಮೇಲಿದೆ, ಮಿಂಗ್ ರಾಜವಂಶದ ಕಾಲದ್ದು. ಗೋಡೆಯ ಮೇಲೆ ಬ್ಯಾಟರಿ ಗಾಡಿ ಓಡುತ್ತದೆ, ಮಂಡಿ ನೋವಿದ್ದರೂ ಸಂಜೆ ಹೊತ್ತು ಆರಾಮಾಗಿ ನೋಡಬಹುದು.

ದೊಡ್ಡ ಹಂಸ ಗೋಪುರಕ್ಕೆ ಒಂದು ಇಡೀ ಬೆಳಗ್ಗೆ ಕೊಡಿ. ಹ್ಯೂಯೆನ್ ತ್ಸಾಂಗ್ ಭಾರತದಿಂದ 657 ಗ್ರಂಥ ಹೊತ್ತುಕೊಂಡು 645ರಲ್ಲಿ ಅಲ್ಲಿಗೆ ಮುಟ್ಟಿದನಲ್ಲ, ಅವನ್ನು ಜೋಪಾನವಾಗಿ ಇಡೋಕೆ ಅಂತ 652ರಲ್ಲಿ ಕಟ್ಟಿದ್ದು. ಏಳು ಅಂತಸ್ತು, ಕಡಿದಾದ ಮೆಟ್ಟಿಲು, ಹತ್ತೋಕೆ ಬೇರೆ ಟಿಕೆಟ್. ತಾಯಿಯವರು ಹತ್ತುವುದು ಬೇಡ. ಕೆಳಗೆ ಅಂಗಳದಲ್ಲಿ ಕೂತರೆ ಸಾಕು.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಶಿಂಗ್‌ಜಿಯಾವ್ ದೇವಸ್ಥಾನದ ಬಗ್ಗೆ. ಊರಿಂದ ದಕ್ಷಿಣಕ್ಕೆ ಸುಮಾರು 20 ಕಿ.ಮೀ., ಟ್ಯಾಕ್ಸಿ ಮಾಡಿಕೊಳ್ಳಿ. 664ರಲ್ಲಿ ತೀರಿಕೊಂಡ ಹ್ಯೂಯೆನ್ ತ್ಸಾಂಗನ ಅಸ್ಥಿಯನ್ನು 669ರಲ್ಲಿ ಅಲ್ಲಿಗೆ ತಂದು ಇಟ್ಟರು. ಐದು ಅಂತಸ್ತಿನ ಇಟ್ಟಿಗೆ ಗೋಪುರ, ಅಕ್ಕಪಕ್ಕ ಇಬ್ಬರು ಶಿಷ್ಯರದ್ದು ಚಿಕ್ಕವು. ನಾನು ಹೋದ ದಿನ ಒಬ್ಬ ಸನ್ಯಾಸಿ ಎಲೆ ಗುಡಿಸುತ್ತಿದ್ದರು, ಬೇರೆ ಯಾರೂ ಇರಲಿಲ್ಲ. ಹಂಸ ಗೋಪುರ ನೋಡೋಕೆ ಸಾವಿರ ಜನ ಬರುತ್ತಾರೆ, ಅವನು ಮಲಗಿರುವ ಜಾಗಕ್ಕೆ ಹೋಗುವವರು ಕಡಿಮೆ. ಅಷ್ಟು ವರ್ಷ ಅವನ ಪಾಠ ಮಾಡಿದವರು ಹೋಗಲೇಬೇಕು.

ಕೆಆರ್‌ಪುರಂ_ಹಾಸನ

ಮೇಷ್ಟ್ರೇ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಮಣ್ಣಿನ ಸೈನಿಕರಿಗೆ ಒಂದು ದಿನ, ಗೋಪುರಕ್ಕೆ ಒಂದು ದಿನ, ಶಿಂಗ್‌ಜಿಯಾವ್‌ಗೆ ಒಂದು ದಿನ ಅಂತ ಅವರೇ ತೀರ್ಮಾನ ಮಾಡಿಬಿಟ್ಟರು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ದೇವಸ್ಥಾನದಲ್ಲಿ ನಾವು ತೆಗೆದುಕೊಂಡು ಹೋದ ಹೂವು ಇಡೋಕೆ ಬಿಡುತ್ತಾರಾ ಅಂತ ಕೇಳು ಅನ್ನುತ್ತಿದ್ದಾರೆ, ಗೊತ್ತಿದ್ದರೆ ಹೇಳಿ.