ಹಳೆಯ ಬಾಯ್ಲರ್‌ನ ರಿಲೀಫ್ ವಾಲ್ವ್ ತೊಟ್ಟಿಕ್ಕುತ್ತಿದೆ: ಬಾಯ್ಲರನ್ನೇ ಬದಲಿಸಬೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಾಸ್ಟನ್ ಸಮೀಪದ ನಮ್ಮ ಎರಡು ಅಂತಸ್ತಿನ ಮನೆ 1950ರ ದಶಕದಲ್ಲಿ ಕಟ್ಟಿದ್ದು. ನೆಲಮಾಳಿಗೆಯಲ್ಲಿರುವ ತೈಲದ ಬಾಯ್ಲರ್‌ನಲ್ಲಿ ಕಾದ ನೀರನ್ನು ಪಂಪು ಕೋಣೆಕೋಣೆಯನ್ನೂ ಬೆಚ್ಚಗಿಡುವ ರೇಡಿಯೇಟರ್‌ಗಳಿಗೆ ಹರಿಸುತ್ತದೆ. ಸ್ನಾನದ ನೀರೂ ಅದರೊಳಗೆ ಮುಳುಗಿರುವ ತಾಮ್ರದ ಸುರುಳಿಯಲ್ಲಿಯೇ ಕಾಯುತ್ತದೆ. ಬಾಯ್ಲರ್ ತಣ್ಣಗಿರುವಾಗ ಒತ್ತಡದ ಮಾಪಕ 12 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ತೋರಿಸುತ್ತದೆ. ಬರ್ನರ್ ಹೊತ್ತಿಕೊಂಡ ಅರ್ಧ ಗಂಟೆಯೊಳಗೆ ಮುಳ್ಳು 30ನ್ನು ಮುಟ್ಟಿ, ಒತ್ತಡ ಮಿತಿಮೀರಿದಾಗ ನೀರು ಹೊರಬಿಡುವ ರಿಲೀಫ್ ವಾಲ್ವ್‌ನ ಕೊಳವೆಯಿಂದ ನೀರು ತೊಟ್ಟಿಕ್ಕತೊಡಗುತ್ತದೆ. ರಾತ್ರಿ ಇಟ್ಟ ಬಕೆಟ್ಟು ಬೆಳಗಾಗುವಷ್ಟರಲ್ಲಿ ಕಾಲುಭಾಗ ತುಂಬಿರುತ್ತದೆ. ಬಾಯ್ಲರ್‌ನಿಂದ ಸುಮಾರು 18 ಅಡಿ ಎತ್ತರದಲ್ಲಿರುವ ಮಕ್ಕಳ ಕೋಣೆಯ ರೇಡಿಯೇಟರ್ ಮಾತ್ರ ಗುಳುಗುಳು ಸದ್ದು ಮಾಡುತ್ತದೆಯೇ ಹೊರತು ಬಿಸಿಯಾಗುವುದಿಲ್ಲ. ನೋಡಲು ಬಂದ ತಂತ್ರಜ್ಞರು ಹತ್ತು ನಿಮಿಷವೂ ನಿಲ್ಲದೆ, ಬಾಯ್ಲರನ್ನೇ ಬದಲಿಸಿ ಎಂದು ಹೇಳಿ ಹೊರಟುಹೋದರು. ಬೇರೆ ದಾರಿ ಇದೆಯೆ?

ಮೊದಲ ಉತ್ತರ

ನಮಸ್ಕಾರ. ಎಲ್ಲಕ್ಕಿಂತ ಮೊದಲು, ಬಕೆಟ್ಟು ಎತ್ತಿಡುವ ಬೇಸರಕ್ಕೆ ಆ ಕೊಳವೆಗೆ ಬಿರಡೆ ಹಾಕುವ ಯೋಚನೆಯನ್ನು ಯಾವ ಕಾರಣಕ್ಕೂ ಮಾಡಬೇಡಿ. ಒತ್ತಡ 30 ಆದಾಗ ತೆರೆದುಕೊಳ್ಳುವುದೇ ಆ ವಾಲ್ವ್‌ನ ಕೆಲಸ. ಅದು ಸರಿಯಾಗಿಯೇ ಇದೆ. ಒತ್ತಡ ಏಕೆ ಏರುತ್ತಿದೆ ಎಂಬುದನ್ನು ಹುಡುಕಬೇಕು.

ತಣ್ಣೀರನ್ನು 180 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸಿದಾಗ ಅದು ಸುಮಾರು ಶೇ. 3ರಷ್ಟು ಹಿಗ್ಗುತ್ತದೆ. ನಿಮ್ಮ ಕೊಳವೆಗಳಲ್ಲಿ 20 ಗ್ಯಾಲನ್ ನೀರಿದೆ ಎಂದುಕೊಂಡರೆ, ಅರ್ಧ ಗ್ಯಾಲನ್‌ಗಿಂತ ಹೆಚ್ಚು ನೀರಿಗೆ ಹೊಸದಾಗಿ ಜಾಗ ಬೇಕು. ಆ ಜಾಗವನ್ನು ಕೊಡುವುದು ಎಕ್ಸ್‌ಪ್ಯಾನ್ಷನ್ ಟ್ಯಾಂಕ್. ಅದರೊಳಗೆ ರಬ್ಬರಿನ ಪೊರೆಯೊಂದು ಇದ್ದು, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ ಇರುತ್ತದೆ. ಪೊರೆ ಹರಿದರೆ ಟ್ಯಾಂಕಿನ ತುಂಬ ನೀರು ತುಂಬಿಕೊಳ್ಳುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಆಗದ ಕಾರಣ ಮುಳ್ಳು ನೇರವಾಗಿ 30ಕ್ಕೆ ಏರುತ್ತದೆ. ಮೇಲಿನ ಗುಳುಗುಳು ಸದ್ದೂ ಇದರ ಫಲವೇ ಇರಬಹುದು, ಏಕೆಂದರೆ ಸೋರಿಹೋದಷ್ಟು ಹೊಸ ನೀರು ಒಳಗೆ ಬರುತ್ತದೆ, ಅದರೊಂದಿಗೆ ಬಂದ ಗಾಳಿ ನೀರು ಕಾದಾಗ ಬಿಡುಗಡೆಯಾಗಿ ಎತ್ತರದ ರೇಡಿಯೇಟರ್‌ನಲ್ಲಿ ಸೇರಿಕೊಳ್ಳುತ್ತದೆ.

ಬಾಯ್ಲರ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಂಕಿನ ತಳದ ಮುಚ್ಚಳ ತೆಗೆಯಿರಿ. ಕಾರಿನ ಟೈರಿಗೆ ಗಾಳಿ ಹೊಡೆಯಲು ಇರುವಂಥದೇ ವಾಲ್ವ್ ಅಲ್ಲಿರುತ್ತದೆ. ಅದರ ಪಿನ್ನನ್ನು ಒಮ್ಮೆ ಒತ್ತಿದಾಗ ನೀರು ಚಿಮ್ಮಿದರೆ ಪೊರೆ ಹರಿದಿದೆ. ಏನೂ ಬಾರದಿದ್ದರೆ ಗಾಳಿ ಇಳಿದಿದೆ ಎಂದರ್ಥ. ಟ್ಯಾಂಕಿನ ಮೇಲೆ ನೀರಿನ ಒತ್ತಡವಿಲ್ಲದಂತೆ ಮಾಡಿಕೊಂಡು, ಸೈಕಲ್ ಪಂಪಿನಿಂದಲೇ 12 ಪಿಎಸ್‌ಐ ತುಂಬಿ ನೋಡಬಹುದು. ಆ 12ಕ್ಕೂ ಲೆಕ್ಕವಿದೆ. 1 ಪಿಎಸ್‌ಐ ಒತ್ತಡ ನೀರನ್ನು 2.31 ಅಡಿ ಏರಿಸುತ್ತದೆ. ನಿಮ್ಮ 18 ಅಡಿಗೆ 8 ಸಾಕು, ಮೇಲೆ 4 ಹೆಚ್ಚಿಗೆ.

ಎರಡನೆಯ ಉತ್ತರ

ಮೇಲಿನವರ ಮಾತು ಒಪ್ಪುವಂಥದ್ದೇ. ಆದರೆ ನಿಮ್ಮ ಬಾಯ್ಲರ್‌ನಲ್ಲಿ ಸ್ನಾನದ ನೀರಿನ ಸುರುಳಿ ಇರುವುದರಿಂದ ಇನ್ನೊಂದು ಅನುಮಾನವನ್ನೂ ಪರಿಹರಿಸಿಕೊಳ್ಳುವುದು ಒಳ್ಳೆಯದು. ಸುರುಳಿಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ನಲ್ಲಿಯ ನೀರು ತನ್ನ ಹೆಚ್ಚಿನ ಒತ್ತಡದಿಂದ ಬಾಯ್ಲರ್‌ಗೆ ನುಗ್ಗುತ್ತದೆ. ಬರ್ನರ್ ಆರಿಸಿ, ಬಾಯ್ಲರ್‌ಗೆ ನೀರು ತುಂಬುವ ವಾಲ್ವನ್ನು ಮುಚ್ಚಿ, ಕೆಲವು ಗಂಟೆ ಮಾಪಕವನ್ನು ಗಮನಿಸಿ. ತಣ್ಣಗಿದ್ದಾಗಲೂ ಮುಳ್ಳು ಏರುತ್ತಿದ್ದರೆ ತಪ್ಪು ಸುರುಳಿಯದು. ಕಾದಾಗ ಮಾತ್ರ ಏರಿದರೆ ಟ್ಯಾಂಕಿನದು. ಹಲವು ಸಲ ತೆರೆದ ರಿಲೀಫ್ ವಾಲ್ವ್ ಕಸ ಸಿಕ್ಕಿ ಬಿಗಿಯಾಗಿ ಮುಚ್ಚದಿರಬಹುದು, ಟ್ಯಾಂಕಿನ ಜೊತೆಗೆ ಅದನ್ನೂ ಬದಲಿಸಿಬಿಡಿ. ಬರ್ನರ್, ಹೊಗೆಕೊಳವೆಗಳ ಕೆಲಸ ಮಾತ್ರ ಪರವಾನಗಿ ಇದ್ದವರಿಗೇ ಇರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನೀರಿನ ವಾಲ್ವ್ ಮುಚ್ಚಿ ನಾಲ್ಕು ಗಂಟೆ ಕಾದೆ, ಮುಳ್ಳು ಕದಲಲಿಲ್ಲ. ಪಿನ್ನು ಒತ್ತಿದ ಕೂಡಲೇ ಕಪ್ಪು ನೀರು ಮುಂಗೈ ಮೇಲೆ ಚಿಮ್ಮಿತು. ಬೇರೊಬ್ಬ ಪ್ಲಂಬರ್ ಬಂದು ಟ್ಯಾಂಕನ್ನೂ ರಿಲೀಫ್ ವಾಲ್ವನ್ನೂ ಬದಲಿಸಿದರು. ಖಾಲಿ ಇದ್ದರೆ ಒಂದೇ ಕೈಯಲ್ಲಿ ಎತ್ತಬಹುದಾದ ಹಳೆಯ ಟ್ಯಾಂಕನ್ನು ಹೊರಗೆ ಸಾಗಿಸಲು ಇಬ್ಬರೂ ಕೈಹಾಕಬೇಕಾಯಿತು. ಈಗ ತಣ್ಣಗಿರುವಾಗ 6, ಕಾದಾಗ 11, ಬಕೆಟ್ಟು ಒಣಗಿದೆ. ಆದರೆ ಮಕ್ಕಳ ಕೋಣೆ ಇನ್ನೂ ತಣ್ಣಗೇ ಇದೆ. ಆ ರೇಡಿಯೇಟರ್‌ನ ಗಾಳಿ ಬಿಡುವ ತಿರುಪನ್ನು ಸಡಿಲಿಸಿದರೂ ನೀರು ಬರುತ್ತಿಲ್ಲ.

ಮೊದಲ ಉತ್ತರ ಬರೆದವರು

ಪರೀಕ್ಷೆಗೆಂದು ಮುಚ್ಚಿದ ನೀರಿನ ವಾಲ್ವನ್ನು ಮತ್ತೆ ತೆರೆದಂತೆ ಕಾಣುವುದಿಲ್ಲ. 6 ಪಿಎಸ್‌ಐ ಒತ್ತಡಕ್ಕೆ ನೀರು ಏರುವುದು 14 ಅಡಿ ಮಾತ್ರ, ನಿಮಗೆ ಬೇಕಾದದ್ದು 18. ವಾಲ್ವ್ ತೆರೆದು ಒತ್ತಡ 12ಕ್ಕೆ ಬಂದ ಮೇಲೆ, ಪಂಪು ನಿಲ್ಲಿಸಿ, ಆ ತಿರುಪನ್ನು ಮತ್ತೆ ಸಡಿಲಿಸಿ; ಮೊದಲು ಬುಸ್ಸೆಂದು ಗಾಳಿ ಬಂದು, ಆಮೇಲೆ ನೀರು ಒಂದೇ ಸಮನೆ ಬಂದಾಗ ಬಿಗಿ ಮಾಡಿ. ಇದನ್ನೆಲ್ಲ ಬಾಯ್ಲರ್ ಪೂರ್ತಿ ತಣ್ಣಗಿರುವಾಗಲೇ ಮಾಡಿ. ಆ ಕಾಲದ ಬಾಯ್ಲರ್‌ಗಳು ಹೆಚ್ಚಾಗಿ ಬೀಡುಕಬ್ಬಿಣದವು. ಕಾದ ದೋಸೆ ಕಾವಲಿಗೆ ತಣ್ಣೀರು ಸುರಿದರೆ ಬಿರುಕು ಬಿಡುವಂತೆ, ಕಾದ ಬಾಯ್ಲರ್‌ಗೆ ತಣ್ಣೀರು ನುಗ್ಗಿದರೆ ಅದೂ ಬಿರುಕು ಬಿಡಬಹುದು, ಆಗ ಆ ತಂತ್ರಜ್ಞರ ಮಾತೇ ನಿಜವಾಗಿಬಿಡುತ್ತದೆ.